ಪಟಮಟದಲ್ಲಿ ಇಲ್ಲದ ಅಜ್ಜಿಯ ಚೀಟಿ

ಒಂದು ಚೀಟಿ ಎಂದರೆ ಅಂಗೈ ಅಗಲದ ದಪ್ಪ ಕಾಗದ. ಎಡಗಡೆ ಮೇಲೆ ಕ್ರಿಯಾಪದ, ಬಲಗಡೆ ಭಾಷೆಯ ಹೆಸರು. ನಡುವೆ ಕಿವಿಗೆ ಬಿದ್ದ ವಾಕ್ಯ, ಬಿದ್ದ ಹಾಗೆಯೇ. ಅದರ ಕೆಳಗೆ ಮಾತಾಡಿದವರ ವಯಸ್ಸು, ಮೂಲ ಜಿಲ್ಲೆ, ಎಲ್ಲಿ ಮಾತಾಡಿದರು, ಯಾಕೆ ಮಾತಾಡಿದರು. ಹೆಸರು ಬೇಡ. ಹಿಂಬದಿಗೆ ತೆಲುಗಿನಲ್ಲಿ ಅರ್ಥ. ಇಂಥ ಅರವತ್ತು ಚೀಟಿಗಳನ್ನು ಬರೆದುಕೊಡುವುದು ನಾನು ಒಪ್ಪಿಕೊಂಡ ಕೆಲಸ. ಕ್ರಿಯಾಪದ ಒಂದೇ: ಬಾಳು.

ಮೊಮ್ಮಕ್ಕಳೇ, ವಿಶಾಖಪಟ್ಟಣದಲ್ಲಿ ನಿಮ್ಮ ಮನೆಯಿಂದ ಮೂರನೇ ಮನೆಯಲ್ಲಿ ಇರುವ ಮಾಸ್ಟಾರು ನಿಮಗೆ ಗೊತ್ತೇ ಇದ್ದಾರೆ. ಭಾಷಾಶಾಸ್ತ್ರ ಕಲಿಸಿ ನಿವೃತ್ತರಾದವರು. ನಿಮ್ಮ ಚೆಂಡು ಅವರ ಗೇಟಿನೊಳಗೆ ಬಿದ್ದರೆ ಕೊಡುವ ಮೊದಲು ಒಂದು ಪ್ರಶ್ನೆ ಕೇಳುತ್ತಾರಲ್ಲ, ಅವರೇ. ಅವರು ಬದುಕುವುದಕ್ಕೆ ಜನ ಯಾವ ಯಾವ ಮಾತು ಬಳಸುತ್ತಾರೆ ಎಂಬುದರ ಮೇಲೆ ಒಂದು ಪುಸ್ತಕ ಬರೆಯುತ್ತಿದ್ದರು. ಮೊದಲರ್ಧ ಇಂಗ್ಲಿಷು, ಜರ್ಮನ್, ಡಚ್, ಸ್ವೀಡಿಷ್ ಭಾಷೆಗಳದ್ದು. ಅದು ಮುಗಿದಿತ್ತು. ಎರಡನೆಯ ಅರ್ಧ ನಮ್ಮ ಕಡೆಯ ಭಾಷೆಗಳದ್ದು. ತಮಿಳು, ಮಲಯಾಳ, ತುಳು ಚೀಟಿಗಳು ಬಂದಿದ್ದವು. ಕನ್ನಡದ ಡಬ್ಬಿ ಖಾಲಿ ಇತ್ತು. ನಿಮ್ಮ ಅಮ್ಮ ನನ್ನನ್ನು ಕೇಳದೆಯೇ ನನ್ನ ಹೆಸರು ಹೇಳಿಬಿಟ್ಟಿದ್ದಳು.

ನಾನು ಮೊದಲ ಸಲ ಹೋದಾಗ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಿದ್ದೆ. "ನಾನು ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆ ಓದಿದವಳು" ಎಂದೆ.

"ಅದೇ ಬೇಕಮ್ಮಾ" ಎಂದರು. ಪುಸ್ತಕ ಓದಿ ಕಲಿತ ಕನ್ನಡ ಅವರದು. "ಹೆಚ್ಚು ಓದಿದವರು ಕೇಳಿದ್ದನ್ನು ತಿದ್ದಿ ಬರೆಯುತ್ತಾರೆ. ಅವರ ಜೊತೆ ನಾನು ಪಟ್ಟ ಪಾಡು ಆ ದೇವರಿಗೇ ಗೊತ್ತಂಡಿ."

ಆಮೇಲೆ ಒಂದು ಹಾಳೆಯ ಮೇಲೆ ಬರೆದು ತೋರಿಸಿದರು. ಇಂಗ್ಲಿಷಿನಲ್ಲಿ ಬದುಕುವುದಕ್ಕೆ ಲಿವ್. ಹಿಂದೆ ಬಿಟ್ಟು ಹೋಗುವುದಕ್ಕೆ ಲೀವ್. ಜರ್ಮನ್ನಿನಲ್ಲಿ ಬದುಕುವುದಕ್ಕೆ ಲೇಬೆನ್, ಉಳಿಯುವುದಕ್ಕೆ ಬ್ಲೈಬೆನ್. ಡಚ್ಚರಲ್ಲಿ ಲೇವೆನ್ ಮತ್ತು ಬ್ಲೈವೆನ್. ಸ್ವೀಡನ್ನಿನವರಲ್ಲಿ ಲೇವಾ ಇದೆ, ಅದರ ಜೊತೆಯದು ಸವೆದು ಬ್ಲಿ ಎಂದಾಗಿ, "ಆಗು" ಎಂಬ ಅರ್ಥಕ್ಕೆ ಹೊರಳಿದೆ. ಬೇರೆ ಬೇರೆ ಕಾಣುವ ಇವೆಲ್ಲ ಒಂದೇ ಬೇರಿನವು. ಆ ಬೇರಿಗೆ ಬಹಳ ಹಿಂದೆ ಇದ್ದ ಅರ್ಥ ಅಂಟಿಕೊಂಡಿರು, ಉಳಿದುಕೋ ಎಂದು.

"ಅಂದರೆ ಆ ಜನಕ್ಕೆ ಬದುಕುವುದು ಅಂದರೆ ಉಳಿಯುವುದು" ಎಂದರು. "ನಮ್ಮವರು ಎಲ್ಲಿಂದ ಹೊರಟರೋ ನೋಡೋಣ. ಮಲಯಾಳದಲ್ಲಿ ನಿಮ್ಮ ಬಾಳು ರಾಜ್ಯ ಆಳುವುದಕ್ಕೂ ಬರುತ್ತದೆ. ತಮಿಳರಲ್ಲಿ ಚೆನ್ನಾಗಿ ಬದುಕುವುದು. ನಮ್ಮ ತೆಲುಗಿನಲ್ಲಿ ದಿನದ ಮಾತಿಗೆ ಬ್ರತುಕು ಸಾಕು. ಕನ್ನಡದಲ್ಲಿ ಏನೇನಿದೆಯೋ ನೀವು ತಂದುಕೊಡಬೇಕು."

ನಿಯಮಗಳು ಎರಡು. ಕಿವಿಯಾರೆ ಕೇಳಿದ್ದನ್ನು ಮಾತ್ರ ಬರೆಯಬೇಕು. ಎದುರಿನವರನ್ನು ಆ ಪದದ ಬಗ್ಗೆ ಕೇಳಬಾರದು, ಅದು ತಾನಾಗಿ ಬರುವ ತನಕ ಕಾಯಬೇಕು. ಪುಸ್ತಕ ಉಗಾದಿಯ ಹೊತ್ತಿಗೆ ಅಚ್ಚಿಗೆ ಹೋಗುವುದಿತ್ತು. ಅಷ್ಟರೊಳಗೆ ಅರವತ್ತು.

ಚೀಟಿಯ ಕಟ್ಟು ಹಿಡಿದು ವಿಜಯವಾಡಕ್ಕೆ ವಾಪಸು ಬಂದೆ. ರೈಲಿನಲ್ಲಿ ಗೋದಾವರಿ ದಾಟುವಾಗಲೂ ಕಟ್ಟು ನನ್ನ ತೊಡೆಯ ಮೇಲೇ ಇತ್ತು. ಬಹಳ ದಿನದ ಮೇಲೆ ಒಂದು ಕೆಲಸಕ್ಕೆ ನನ್ನನ್ನು ಯಾರೋ ಕೇಳಿದ್ದರು.

ಪಟಮಟ ಬಡಾವಣೆಯ ನನ್ನ ಮನೆಗೆ ಬಂದು ಕೂತ ಮೇಲೆ ಗೊತ್ತಾಯಿತು, ನಾನು ಕನ್ನಡ ಕೇಳುವುದೆಲ್ಲಿ? ನಿಮ್ಮ ಅಜ್ಜ ಹೋಗಿ ಎರಡು ವರ್ಷವಾಗಿತ್ತು. ಹಾಲಿನವನು, ಕೆಳಗಿನ ಮನೆಯವರು, ಔಷಧದ ಅಂಗಡಿ, ದೇವಸ್ಥಾನ, ಎಲ್ಲ ತೆಲುಗು. ನೀವು ಫೋನಿನಲ್ಲಿ ಊಟ ಆಯಿತಾ ಎಂದು ಕೇಳಲು "ಅಮ್ಮಮ್ಮಾ, ತಿನ್ನಾವಾ?" ಎನ್ನುತ್ತೀರಿ, ನಾನೂ "ತಿನ್ನಾನಮ್ಮಾ" ಎನ್ನುತ್ತೇನೆ. ನನ್ನ ಗದಗಿನ ಮಾತು ನನ್ನ ಬಾಯಲ್ಲೇ ತಿಂಗಳುಗಟ್ಟಲೆ ಬಂದಿರಲಿಲ್ಲ. ಅದು ನನಗೆ ಆ ದಿನದವರೆಗೂ ತಿಳಿದಿರಲಿಲ್ಲ.

ಪಕ್ಕದ ಬೀದಿಯಲ್ಲಿ ಒಂದು ಬ್ಯಾಂಕಿನ ಅಧಿಕಾರಿಯ ಸಂಸಾರ ಇತ್ತು. ಮೈಸೂರಿನ ಕಡೆಯವರು, ವರ್ಗವಾಗಿ ಬಂದವರು. ನಾಲ್ಕು ಸಲ ಅವರ ಗೇಟಿನ ತನಕ ಹೋಗಿ ತಿರುಗಿ ಬಂದೆ. ಐದನೇ ಸಲ ಆ ಹೆಣ್ಣುಮಗಳೇ ನೋಡಿ ಒಳಗೆ ಕರೆದಳು. ಕಾಫಿ ಕೊಟ್ಟಳು. ಒಂದು ತಾಸು ಮಾತಾಡಿದಳು. "ಇಲ್ಲಿ ಲೈಫೇ ಬೋರು ಆಂಟಿ. ಎರಡು ವರ್ಷ ಹೆಂಗಾದ್ರೂ ಅಡ್ಜಸ್ಟ್ ಮಾಡ್ಕೊಂಡ್ರೆ ಸಾಕು." ಬಾಳು ಎಂಬುದು ಅವಳ ಬಾಯಿಯ ಹತ್ತಿರವೂ ಸುಳಿಯಲಿಲ್ಲ. ನಾನು ಏಳುವ ಹೊತ್ತಿಗೆ ಮಿಕ್ಸಿಯನ್ನು ಬಯ್ದು "ಈ ಕಂಪ್ನಿದು ಮೂರು ತಿಂಗಳೂ ಬಾಳಲ್ಲ ಆಂಟಿ" ಎಂದಳು. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಬರೆದುಕೊಂಡೆ.

ಒಂದು ತಿಂಗಳಿಗೆ ಸಿಕ್ಕ ಚೀಟಿಗಳು ಎರಡು.

ಒಂದು ಮಧ್ಯಾಹ್ನ ಊಟದ ತಟ್ಟೆ ತೊಳೆದಿಟ್ಟು ಖಾಲಿ ಚೀಟಿಗಳ ಮುಂದೆ ಕೂತಿದ್ದೆ. ನಮ್ಮವ್ವ ಹೇಳುತ್ತಿದ್ದ ಮಾತೊಂದು ನೆನಪಾಯಿತು: "ಬಾಳೂ ಹೆಣಮಗಳು ಬಾಗಲದಾಗ ಕುಂದರಬಾರದು." ಇದು ನಿಜವಾದ ಮಾತು, ಕೇಳಿದ್ದೇ ತಾನೆ ಎಂದುಕೊಂಡು ಬರೆದೆ. ಮಾತಾಡಿದವರು ಎಂಬಲ್ಲಿ ಕೈ ನಿಂತಿತು. ಸತ್ತು ಇಷ್ಟು ವರ್ಷವಾದವಳನ್ನು ಬರೆದರೆ ಮಾಸ್ಟಾರು ಒಪ್ಪುತ್ತಾರೋ ಇಲ್ಲವೋ. "ವಯಸ್ಸು ಎಂಬತ್ತು, ಗದಗ ಜಿಲ್ಲೆ, ಪಟಮಟ" ಎಂದು ಬರೆದೆ.

ಹಾಗೆ ಆ ಅಜ್ಜಿ ಹುಟ್ಟಿದಳು. ಮರುದಿನ ಅವಳಿಗೆ ಒಬ್ಬ ಸೊಸೆ ಬಂದಳು, ನಲವತ್ತು ವರ್ಷದವಳು. ಆಮೇಲೆ ಎದುರು ಮನೆಯ ಟೇಲರು, ಹಾವೇರಿಯವನು. ನಿಮ್ಮ ಅಜ್ಜನ ಮಾತುಗಳನ್ನೆಲ್ಲ ಆ ಟೇಲರಿಗೆ ಕೊಟ್ಟೆ. ಮೊದಮೊದಲು ನೆನಪಿನ ಮಾತುಗಳೇ ಇದ್ದವು. ಅವು ಮುಗಿದ ಮೇಲೆ ಈ ಜನ ತಾವೇ ಮಾತಾಡತೊಡಗಿದರು. ನಾನು ಮಧ್ಯಾಹ್ನ ಎರಡಕ್ಕೆ ಚಹಾ ಮಾಡಿಕೊಂಡು ಕೂತು, ಅಜ್ಜಿಯ ದನಿಯಲ್ಲಿ ಒಂದು, ಸೊಸೆಯ ದನಿಯಲ್ಲಿ ಒಂದು ಎಂದು ಗಟ್ಟಿಯಾಗಿ ಆಡಿ, ಕಿವಿಗೆ ಸರಿ ಕೇಳಿದ್ದನ್ನು ಬರೆಯುತ್ತಿದ್ದೆ. ಒಂದು ದಿನ ಅಜ್ಜಿಗೂ ಸೊಸೆಗೂ ಜಗಳವಾಯಿತು. ಅವತ್ತು ಕೂತಲ್ಲೇ ಐದು ಚೀಟಿ. ಮನೆಯಲ್ಲಿ ಕನ್ನಡ ಕೇಳುತ್ತಿತ್ತು. ಎರಡು ಗಂಟೆ ಯಾವಾಗ ಆಗುತ್ತದೆ ಎಂದು ಬೆಳಿಗ್ಗೆಯಿಂದ ಗಡಿಯಾರ ನೋಡುತ್ತಿದ್ದೆ ಎಂಬುದನ್ನೂ ನಿಮಗೆ ಹೇಳಿಬಿಡುತ್ತೇನೆ.

ಸಂಕ್ರಾಂತಿಗೆ ಮೊದಲು ನಲವತ್ತೈದು ಚೀಟಿಗಳನ್ನು ಕೊರಿಯರಿನಲ್ಲಿ ಕಳಿಸಿದೆ. ಅದರಲ್ಲಿ ಹದಿನಾಲ್ಕು ಜನ ಇಲ್ಲದವರು.

ನಾಲ್ಕನೇ ದಿನ ಮಾಸ್ಟಾರು ಫೋನು ಮಾಡಿದರು. ಅವರ ದನಿ ಹುಡುಗರ ದನಿಯ ಹಾಗಿತ್ತು. "ಅಮ್ಮಾ, ನಿಮ್ಮ ಮೂವತ್ತೊಂದನೇ ಚೀಟಿ! ಆ ಎಂಬತ್ತು ವರ್ಷದ ಅಜ್ಜಿಯದು!"

ಆ ಚೀಟಿ ನನಗೆ ಬಾಯಿಪಾಠವಿತ್ತು. "ಎಲ್ಲಾರೂ ಹೋದ್ರು, ಮನ್ಯಾಗ ನಾ ಒಬ್ಬಾಕಿ ಬಾಳೀನಿ." ಅರ್ಥ ಎಂಬಲ್ಲಿ ನಾನೇ ಬರೆದಿದ್ದೆ: ಉಳಿದಿದ್ದೇನೆ.

"ಬಾಳು ಅಂದರೆ ಉಳಿ! ನಾನು ನೋಡಿದ ಯಾವ ನಿಘಂಟಿನಲ್ಲೂ ಇಲ್ಲದ ಅರ್ಥ. ಆ ಜರ್ಮನ್ ಬೇರಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಆದರೂ ಎರಡು ಕಡೆಯ ಜನ ಒಂದೇ ದಾರಿ ಹಿಡಿದಿದ್ದಾರೆ. ಪುಸ್ತಕದ ಕೊನೆಯ ಅಧ್ಯಾಯಕ್ಕೆ ಇನ್ನೇನು ಬೇಕು ಹೇಳಿ? ಶುಕ್ರವಾರ ಬರುತ್ತೇನೆ. ಆ ಅಜ್ಜಿಯ ದನಿ ರೆಕಾರ್ಡು ಮಾಡಿಕೊಳ್ಳಬೇಕು."

ನನ್ನ ಬಾಯಿಯಿಂದ ಬಂದದ್ದು ಇದು: "ಆಕೆ ಊರಿಗೆ ಹೋಗಿದ್ದಾರೆ."

"ಎಪ್ಪುಡು ವಸ್ತಾರು? ಯಾವಾಗ ಬರುತ್ತಾರೆ?"

"ಗೊತ್ತಿಲ್ಲ."

"ಪರವಾಗಿಲ್ಲಮ್ಮಾ, ಕಾಯುತ್ತೇನೆ. ಅಲ್ಲಿಯ ತನಕ ಆ ಅಧ್ಯಾಯ ಅಚ್ಚಿಗೆ ಕಳಿಸುವುದಿಲ್ಲ."

ಪ್ರತಿ ವಾರ ಫೋನು ಬರತೊಡಗಿತು. ಅಜ್ಜಿ ಬಂದರಾ? ಆರೋಗ್ಯವಾಗಿದ್ದಾರಾ? ಒಂದು ಸಲ ಅವರು ಅಜ್ಜಿಗೆಂದು ಒಂದು ಶಾಲು ಕೊಂಡಿಟ್ಟಿರುವುದಾಗಿ ಹೇಳಿದರು. ಆ ವಾರ ನನಗೊಂದು ಸುಲಭದ ದಾರಿ ಹೊಳೆಯಿತು. ಅಜ್ಜಿ ತೀರಿಕೊಂಡಳು ಎಂದುಬಿಟ್ಟರೆ ಆಯಿತು. ಎಂಬತ್ತು ವರ್ಷ, ಯಾರಿಗೂ ಅನುಮಾನ ಬರುವುದಿಲ್ಲ. ಹೇಳಬೇಕಾದ ಮಾತನ್ನು ಅಡಿಗೆಮನೆಯಲ್ಲಿ ನಿಂತು ಎರಡು ದಿನ ಅಭ್ಯಾಸ ಮಾಡಿದೆ. ಅಭ್ಯಾಸ ಮಾಡುತ್ತಿರುವಾಗಲೇ ಆ ಮೂವತ್ತೊಂದನೇ ವಾಕ್ಯ ನನಗೆ ಬೇರೆಯಾಗಿ ಕೇಳಿಸಿತು. ಅವ್ವ ಹಾಗೆ ಅಂದದ್ದು ನಾನು ಕೇಳಿಲ್ಲ. ಅತ್ತೆ ಅಂದದ್ದು ಕೇಳಿಲ್ಲ. ನಮ್ಮ ಓಣಿಯಲ್ಲಿ ಯಾರೂ ಹಾಗೆ ಅಂದದ್ದಿಲ್ಲ. ಮಾಸ್ಟಾರು ಆ ಹಾಳೆಯ ಮೇಲೆ ಬರೆದು ತೋರಿಸಿದ್ದು ನನ್ನ ತಲೆಯಲ್ಲಿ ಕೂತಿತ್ತು, ನಾನು ಅದನ್ನು ಒಬ್ಬ ಮುದುಕಿಯ ಬಾಯಿಗೆ ಹಾಕಿದ್ದೆ. ಅವರ ಮಾತೇ ಸುತ್ತು ಹಾಕಿ ಅವರಿಗೆ ಸಾಕ್ಷಿಯಾಗಿ ಹೋಗಿತ್ತು. ಅಜ್ಜಿ ಸತ್ತರೂ ಆ ಚೀಟಿ ಡಬ್ಬಿಯಲ್ಲಿ ಇರುತ್ತದೆ, ಅದರ ಮೇಲೆ ಒಂದು ಪುಸ್ತಕ ನಿಲ್ಲುತ್ತದೆ.

ಮರುದಿನ ಬೆಳಗಿನ ರೈಲು ಹಿಡಿದೆ. ನಿಮ್ಮ ಅಮ್ಮ ಬಾಗಿಲು ತೆರೆದು "ಏನಮ್ಮಾ, ಹೇಳದೇ ಬಂದೆ? ಹುಷಾರಿದ್ದೀ ತಾನೆ?" ಎಂದು ಹಣೆ ಮುಟ್ಟಿ ನೋಡಿದಳು. ಚೀಲ ಇಟ್ಟು ನೇರ ಮೂರನೇ ಮನೆಗೆ ನಡೆದೆ.

ಮಾಸ್ಟಾರು ಕೊನೆಯ ಅಧ್ಯಾಯದ ಹಾಳೆಗಳನ್ನೇ ಹರಡಿಕೊಂಡು ಕೂತಿದ್ದರು. ಕನ್ನಡದಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ತೆಲುಗಿನಲ್ಲಿ ಹೇಳಿದೆ. ಆ ಅಜ್ಜಿ ಇಲ್ಲ, ಯಾವತ್ತೂ ಇರಲಿಲ್ಲ, ನಾನೇ ಬರೆದದ್ದು.

ಅವರು ಕನ್ನಡಕ ತೆಗೆದರು. "ಸೊಸೆ?"

"ಆಕೆಯೂ ಇಲ್ಲ."

"ಹಾವೇರಿ ಟೇಲರು?"

"ಇಲ್ಲ."

"ಎಂತಮಂದಿ?"

"ಹದಿನಾಲ್ಕು ಮಂದಿ."

"ಊರೇ ಕಟ್ಟಿದ್ದೀರಲ್ಲಮ್ಮಾ" ಎಂದರು. ನಗಲಿಲ್ಲ. ಎದ್ದು ವರಾಂಡಕ್ಕೆ ಹೋದರು. ಒಳಗೆ ಫ್ಯಾನಿನ ಗಾಳಿಗೆ ಹಾಳೆಗಳು ಹಾರುತ್ತಿದ್ದವು. ಎದ್ದು ಅವುಗಳ ಮೇಲೆ ಏನಾದರೂ ಭಾರ ಇಡಲು ನನಗೆ ಧೈರ್ಯ ಸಾಲಲಿಲ್ಲ.

ತಿರುಗಿ ಬಂದವರು ನನ್ನ ನಲವತ್ತೈದು ಚೀಟಿಗಳನ್ನು ಡಬ್ಬಿಯಿಂದ ತೆಗೆದು ಮುಂದಿಟ್ಟರು. "ಮೂರು ರಾಶಿ ಮಾಡಿ. ಈ ವರ್ಷ ಕಿವಿಯಾರೆ ಕೇಳಿದ್ದು ಒಂದು. ಹಿಂದೆ ಕೇಳಿ ನೆನಪಿದ್ದದ್ದು ಒಂದು. ಕಟ್ಟಿದ್ದು ಒಂದು. ಅನುಮಾನ ಇದ್ದರೆ ಕಟ್ಟಿದ್ದಕ್ಕೇ ಹಾಕಿ."

ಎರಡು ದಿನ ಹಿಡಿಯಿತು. ಕೇಳಿದ್ದು ಎರಡು. ನೆನಪಿನವು ಇಪ್ಪತ್ತೆರಡು. ಕಟ್ಟಿದ್ದು ಇಪ್ಪತ್ತೊಂದು. ಕಟ್ಟಿದವನ್ನು ನಾನು ಹರಿಯಲು ಹೋದೆ. ಅವರು ಕೈ ತಡೆದರು. ಕೆಂಪು ಪೆನ್ನಿನಲ್ಲಿ ಒಂದೊಂದಕ್ಕೂ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ಕಲ್ಪಿತಂ" ಎಂದು ಬರೆದು ಮತ್ತೆ ಡಬ್ಬಿಗೇ ಹಾಕಿದರು. ಹರಿದರೆ ತಪ್ಪು ಆಗೇ ಇಲ್ಲ ಎಂದಾಗುತ್ತದಂತೆ. ನೆನಪಿನ ಇಪ್ಪತ್ತೆರಡನ್ನು ಹಳದಿ ಕಾಗದಕ್ಕೆ ಇಳಿಸಬೇಕಿತ್ತು. ಹೇಳಿದವಳು ನಾನು, ನನ್ನ ವಯಸ್ಸು, ನನ್ನ ಜಿಲ್ಲೆ, ಯಾರ ಬಾಯಿಂದ ಯಾವಾಗ ಕೇಳಿದ್ದು ಎಂದು.

"ಮೊದಲೇ ಹೀಗೆ ಬರೆಯಬಹುದಿತ್ತಲ್ಲ?" ಎಂದು ಕೇಳಿದರು.

"ನನ್ನ ಮಾತನ್ನು ಯಾರು ಪುಸ್ತಕಕ್ಕೆ ಹಿಡಿಯುತ್ತಾರೆ ಅಂದುಕೊಂಡೆ."

"ಇಲ್ಲದ ಹದಿನಾಲ್ಕು ಮಂದಿಯನ್ನು ಹಿಡಿಯುತ್ತಾರೆ, ಇರುವ ಒಬ್ಬರನ್ನು ಹಿಡಿಯುವುದಿಲ್ಲ! ಭಲೇ ಅಮ್ಮಾ." ಆಗಲೂ ನಗಲಿಲ್ಲ. "ಕೇಳಿದ್ದು ಎರಡೇ ಇದ್ದರೆ ಕನ್ನಡದ ಅಂಕಣ ಖಾಲಿ ಬಿಟ್ಟು, ಯಾಕೆ ಖಾಲಿ ಎಂದು ಅಡಿಟಿಪ್ಪಣಿ ಹಾಕುತ್ತೇನೆ. ಉಗಾದಿಗೆ ಇನ್ನೂ ಸಮಯ ಇದೆ. ನಿಮ್ಮಿಷ್ಟ."

ಅಡಿಟಿಪ್ಪಣಿಯಲ್ಲಿ ಏನು ಬರೆಯುತ್ತಾರೆ ಎಂದು ಕೇಳಲಿಲ್ಲ. ರೈಲಿನಲ್ಲಿ ಪೂರ್ತಿ ಅದನ್ನೇ ಯೋಚಿಸಿದೆ.

ವಿಜಯವಾಡದಲ್ಲಿ ಸಿಟಿ ಬಸ್ಸು ಆಟೋನಗರದ ಮುಂದೆ ನಿಂತಾಗ ಕಿಟಕಿಯಿಂದ ಸಾಲು ಲಾರಿಗಳು ಕಂಡವು. ಈ ದಾರಿಯಲ್ಲಿ ನೂರು ಸಲ ಹೋಗಿದ್ದೇನೆ. ಒಂದು ಲಾರಿಯ ಹಿಂದೆ ಕನ್ನಡದಲ್ಲಿ "ತಾಯಿಯ ಆಶೀರ್ವಾದ" ಎಂದು ಬರೆದಿತ್ತು. ಕೆ.ಎ. ಎಂದು ಶುರುವಾಗುವ ನಂಬರು. ನನ್ನ ನಿಲ್ದಾಣಕ್ಕೆ ಮೊದಲೇ ಇಳಿದುಬಿಟ್ಟೆ. ಇಳಿದೆ ಅಷ್ಟೇ. ಅವತ್ತು ಹತ್ತಿರ ಹೋಗಲಾಗಲಿಲ್ಲ.

ಮರುದಿನ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಪುಡಿ, ಕೆಂಪು ಖಾರ ಡಬ್ಬಿಗೆ ತುಂಬಿಕೊಂಡು ಹೋದೆ. ಬಾಡಿ ಕಟ್ಟಿಸಲು, ಎಂಜಿನ್ ಬಿಚ್ಚಿಸಲು ಬಂದ ಗಾಡಿಗಳು ಅಲ್ಲಿ ನಾಲ್ಕೈದು ದಿನ ನಿಲ್ಲುತ್ತವೆ. ಡ್ರೈವರುಗಳಿಗೆ ಕಾಯುವುದೇ ಕೆಲಸ. ಬೇವಿನ ಮರದ ಕೆಳಗೆ ಒಂದು ಮುರಿದ ಸೀಟಿನ ಮೇಲೆ ಕೂತಿದ್ದ ಮೂವರು ನಮ್ಮ ಕಡೆಯ ಮಾತಾಡುತ್ತಿದ್ದರು. ನಾನು ಡಬ್ಬಿ ಮುಂದಿಟ್ಟು, ಏನು ಹೇಳಬೇಕೋ ತೋಚದೆ, "ರೊಟ್ಟಿ" ಎಂದೆ.

ಮೂವರೂ ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಹಿರಿಯ, ನರಗುಂದದ ಕಡೆಯವನು, ಕೇಳಿದ: "ಯಾವೂರ್ರಿ ಅಮ್ಮಾರ?"

ಊರು ಹೇಳಿದೆ.

"ಅಲೆಲೆ! ನಮ್ಮ ಬೀಗರೂರ ಅದ. ಕುಂದರ್ರಿ, ಯಾಕ ನಿಂತೀರಿ? ಏ, ಆ ಪೇಪರ ಹಾಸೋ."

ಎರಡನೇ ದಿನ ಚೀಟಿ ತೆಗೆದಾಗ ಕಿರಿಯವನು, ಬಾಗಲಕೋಟೆಯವನು, ರೊಟ್ಟಿ ಕೆಳಗಿಟ್ಟ. "ಏನ ಬರಕೊಳ್ಳಾಕತ್ತೀರಿ? ಸಿ.ಐ.ಡಿ. ಏನ್ರಿ ನೀವು?"

ಈ ಸಲ ಸುಳ್ಳು ಬೇಡ ಎಂದುಕೊಂಡು ಬಂದಿದ್ದೆ. ಪುಸ್ತಕದ ವಿಷಯ ಪೂರ್ತಿ ಹೇಳಿದೆ. ಯಾವ ಪದ ಎಂದೂ ಹೇಳಿಬಿಟ್ಟೆ. ಅದೇ ತಪ್ಪಾಯಿತು. ಅವತ್ತಿಡೀ ಮೂವರೂ ಪೈಪೋಟಿಯ ಮೇಲೆ ಶುರುಮಾಡಿದರು.

"ಅಮ್ಮಾರ, ಬರಕೋರ್ರಿ: ನಮ್ಮ ಕ್ಲೀನರ ಬಾಳಿ ಉದ್ಧಾರ ಆಗೂ ಪೈಕಿ ಅಲ್ಲ."

"ನಂದ ಬರಕೋರ್ರಿ: ಬಾಳೂದಂದ್ರ ಇವನಂಗ ಬಾಳಬಾರದು!"

"ಇವು ಬರೂದಿಲ್ಲಪ್ಪಾ. ನೀವು ಬೇಕಂತ ಹೇಳಾಕತ್ತೀರಿ" ಎಂದೆ. ಬಹಳ ದಿನಗಳ ಮೇಲೆ ನನ್ನ ಊರಿನ ಮಾತು ನನ್ನ ಬಾಯಿಂದ ಬೇರೆಯವರಿಗೆಂದು ಬಂದದ್ದು ಆಗ. ಅವರಿಗೆ ಅದೇನೂ ವಿಶೇಷ ಅನಿಸಲಿಲ್ಲ.

"ಮತ್ತ ಹೆಂಗ ಹೇಳಬೇಕ್ರಿ?"

"ಹೇಳೂದ ಬ್ಯಾಡ. ನಾ ಇಲ್ಲಿ ಇಲ್ಲ ಅಂತ ತಿಳಕೊರ್ರಿ."

"ರೊಟ್ಟಿ ತಂದವರನ್ನ ಇಲ್ಲ ಅಂತ ಹೆಂಗ ತಿಳಕೊಳ್ಳೂದು?" ಎಂದು ಹಿರಿಯ ನಕ್ಕ.

ಮೂರು ದಿನಕ್ಕೆ ಅವರಿಗೆ ಆಟ ಬೇಸರವಾಯಿತು. ಮರೆತರು. ಆಮೇಲೆ ಬರತೊಡಗಿತು. ಒಬ್ಬ ಫೋನಿನಲ್ಲಿ ಮನೆಗೆ ಹೇಳುತ್ತಿದ್ದ, "ಅಕಿ ಅಲ್ಲಿ ಬಾಳಂಗಿಲ್ಲ ಅಂದ್ರ ಕರಕೊಂಡ ಬರ್ರಿ, ಬಡಿಸಿಕೊಂಡ ಇರೂದ ಬ್ಯಾಡ." ಇನ್ನೊಬ್ಬ ಎಂಜಿನ್ ನೋಡಿ ಬಂದು "ಅಷ್ಟ ಬೆಲೆ ಬಾಳೂದಿಲ್ಲಪಾ ಅದು" ಎಂದ. ಬಾಗಲಕೋಟೆಯವನು ಹೊರಡುವ ದಿನ ಡಬ್ಬಿ ತೊಳೆದು ಕೊಟ್ಟು "ನೂರ ವರ್ಷ ಬಾಳ್ರಿ ಅಮ್ಮಾರ" ಎಂದಾಗ, ಹಿರಿಯ ಅವನ ತಲೆಗೆ ಮೊಟಕಿದ: "ದೊಡ್ಡವರಿಗೆ ನೀ ಹರಸ್ತೀ ಏನಲೇ?" ಅದನ್ನೂ ಬರೆದುಕೊಂಡೆ. ಸಂದರ್ಭ ಎಂಬಲ್ಲಿ "ಚೀಟಿ ಬರೆಯುವವಳಿಗೆ ಹೇಳಿದ್ದು" ಎಂದು ಹಾಕಿದೆ.

ಆ ಗಾಡಿಗಳು ಹೋದವು, ಬೇರೆ ಬಂದವು. ಬಸ್ಸಿನಲ್ಲಿ ದಿನಾ ಹೋಗುತ್ತಿದ್ದೆ. ಸಿಗದ ದಿನಗಳೇ ಹೆಚ್ಚು. ಪರಿಚಯವಾದವರು ಐದನೇ ದಿನ ಇರುತ್ತಿರಲಿಲ್ಲ. ಹೋಗುವಾಗ ಹೇಳಿ ಹೋದವರು ಕಡಿಮೆ, ಗಾಡಿ ರೆಡಿಯಾದರೆ ಅವರಿಗೆ ಒಂದು ನಿಮಿಷವೂ ನಿಲ್ಲಲು ಆಗದು. ಮನೆಗೆ ಬಂದು ಮಧ್ಯಾಹ್ನ ಎರಡಕ್ಕೆ ಚಹಾ ಮಾಡಿದರೆ ಮನೆ ಸುಮ್ಮನೇ ಇರುತ್ತಿತ್ತು. ಅಜ್ಜಿಯನ್ನು ಮತ್ತೆ ಕರೆಯಬೇಕು ಅನಿಸಿದ ದಿನಗಳಿದ್ದವು. ಕರೆಯಲಿಲ್ಲ.

ಉಗಾದಿಗೆ ಹತ್ತು ದಿನ ಇರುವಾಗ, ಬಿಸಿಲು ಉರಿಯುತ್ತಿದ್ದ ಒಂದು ದಿನ, ಕೊಪ್ಪಳದ ಕಡೆಯ ಒಬ್ಬ ಡ್ರೈವರು ಗಾಡಿಯ ಕೆಳಗಿಂದ ಎದ್ದು ಬಂದ. ಚಕ್ರ ಬಿಚ್ಚಿತ್ತು. ತನ್ನೂರಿನವನೇ ಆದ ಜೊತೆಯವನನ್ನು ಕೇಳಿದ, "ಹಳೇ ಟೈರ ಏನರ ಅದಾವೇನೋ?"

ಜೊತೆಯವನು ಶೆಡ್ಡಿನ ಮೂಲೆಯ ಕಡೆ ಗದ್ದ ಎತ್ತಿದ. "ಆ ಮೂಲ್ಯಾಗ ಎರಡ ಉಳದಾವ ನೋಡು. ಆದ್ರ ಅವು ಬಾಳಂಗಿಲ್ಲ."

ಅವನು ಮುಂದೆ ಏನೋ ಹೇಳುತ್ತಿದ್ದ. ನನಗೆ ಕೇಳಲಿಲ್ಲ. ಎರಡೂ ಪದ ಒಂದೇ ಉಸಿರಿನಲ್ಲಿ, ಯಾರೂ ಕೇಳದೆ ಬಂದಿದ್ದವು. ಉಳಿದಿವೆ, ಆದರೆ ಬಾಳುವುದಿಲ್ಲ. ಮೂಲೆಯಲ್ಲಿ ಬಿದ್ದದ್ದು ಉಳಿದದ್ದು. ರಸ್ತೆಯ ಮೇಲೆ ಓಡುವುದು ಬಾಳುವುದು. ಅವಸರದಲ್ಲಿ ಮೊದಲ ಚೀಟಿ ಕೆಟ್ಟಿತು, ಇನ್ನೊಂದು ತೆಗೆದುಕೊಂಡೆ.

ಕಿವಿಯಾರೆ ಕೇಳಿದ್ದು ಒಟ್ಟು ಮೂವತ್ತನಾಲ್ಕು ಚೀಟಿ, ನೆನಪಿನ ಹಳದಿ ಇಪ್ಪತ್ತೆರಡು. ಅರವತ್ತು ಆಗಲಿಲ್ಲ. ಹಾಗೇ ಕಳಿಸಿದೆ.

ಮಾಸ್ಟಾರು ಫೋನು ಮಾಡಲು ಒಂದು ವಾರ ತೆಗೆದುಕೊಂಡರು. ಪುಸ್ತಕದ ಕೊನೆಗೆ ಒಂದು ಕೋಷ್ಟಕವಿದೆ. ಮೇಲೆ ಅಡ್ಡಕ್ಕೆ ಭಾಷೆಗಳು, ಎಡಕ್ಕೆ ಅರ್ಥಗಳು. ಒಂದೊಂದೇ ಸಾಲು ಓದಿ ನನ್ನಿಂದ ಹೌದು ಅನ್ನಿಸಿಕೊಂಡರು. ಬದುಕು, ಚೀಟಿ ಇದೆ. ಸಂಸಾರ ಮಾಡು, ಇದೆ. ಬೆಲೆಗೆ ತಕ್ಕುದಾಗಿರು, ಇದೆ. ಕೆಡದೆ ಬರು, ಇದೆ.

"ಉಳಿ" ಎಂದರು. "ಈ ಸಾಲಿನಲ್ಲಿ ಆಚೆ ಕಡೆ ಜರ್ಮನ್, ಡಚ್, ಇಂಗ್ಲಿಷು, ಎಲ್ಲ ತುಂಬಿವೆ. ಕನ್ನಡದ್ದು ಏನು ಮಾಡಲಿ? ಟೈರು ಬಾಳುವುದನ್ನು ಇಲ್ಲಿಗೂ ಎಳೆಯಬಹುದು. ಸ್ವಲ್ಪ ಎಳೆದರೆ ಬರುತ್ತದೆ. ನನ್ನ ಹಳೆಯ ಅಧ್ಯಾಯವೂ ಅರ್ಧ ಉಳಿದೀತು."

"ಬರುವುದಿಲ್ಲ ಮಾಸ್ಟಾರು ಗಾರೂ" ಎಂದೆ. "ಕೊಪ್ಪಳದ ಚೀಟಿ ನೋಡಿ."

"ನೋಡಿದೆ, ನೋಡಿದೆ. ನಿಮ್ಮ ಬಾಯಿಂದ ಕೇಳಬೇಕಿತ್ತು." ಹಾಳೆ ಮಗುಚಿದ ಸದ್ದು. "ಸರಿ. ಜಾಗ ಖಾಲಿ ಬಿಟ್ಟರೆ ಯಾರೂ ಹುಡುಕಲಿಲ್ಲ ಎಂದು ಅರ್ಥ. ಗೀಟು ಹಾಕಿದರೆ ಹುಡುಕಿದೆವು, ಸಿಗಲಿಲ್ಲ ಎಂದು ಅರ್ಥ. ಯಾವುದು ಹಾಕಲಿ?"

"ಗೀಟು ಹಾಕಿ" ಎಂದೆ.